ಒಂದು ಸಲ ಬಂದವರಿಗೆ ಸೊಳ್ಳೆಪರದೆ ಬೇಡವಂತೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಈಗಷ್ಟೇ ಬಂದು ಕೂತ ಡಾಕ್ಟರಮ್ಮನವರೇ, ವಾರ್ಡನ್ ಶ್ಯಾಮಲಾ ಮೇಡಂ ಅವರೇ, ಸರಗೂರಿನ ಸುತ್ತಲ ಊರು, ಹಾಡಿಗಳಿಂದ ಬಂದ ತಾಯಂದಿರೇ, ಸಭಿಕರೇ,

ನಿನ್ನೆ ರಾತ್ರಿ ನನಗೆ ಕೆಟ್ಟ ಕನಸು ಬಿತ್ತು. ನನ್ನ ಮಗಳು ವನಿತಾ ಕಬಿನಿ ಹಿನ್ನೀರಿನ ನಡುವೆ ಕುತ್ತಿಗೆಮಟ್ಟ ನಿಂತಿದ್ದಳು. ‘ಅಪ್ಪ, ನಂಗೆ ಈಜು ಬತ್ತದೆ ಅಂದ್ಬುಟ್ಟು ದೋಣಿಯಿಂದ ಇಳ್ಸುಬುಟ್ರು’ ಅಂದಳು. ಕಂಠಪ್ಪ ಕನಸಿಗೂ ಹೆದರುತ್ತಾನೆ ಎಂದು ನನ್ನ ಹೆಂಡತಿ ಸುನಂದಮ್ಮ ಊರಿಗೆಲ್ಲ ಹೇಳಿದ್ದಾಳೆ. ನಗುವವರು ನಗಬಹುದು. ಇವತ್ತು ಅವಳು ನಗಲಿಲ್ಲ.

ಪೋಷಕರ ಪರವಾಗಿ, ಹಾಸ್ಟೆಲಿಗೆ ಸೊಳ್ಳೆಪರದೆ ಕೊಟ್ಟ ದಾನಿಗಳಿಗೆ ವಂದನೆ ಹೇಳಲು ನನ್ನನ್ನು ನಿಲ್ಲಿಸಿದ್ದಾರೆ. ವಂದನೆಗಳು. ಆದರೆ ಆ ಪರದೆ ಎಲ್ಲ ಮಂಚಕ್ಕೂ ಬಂತೇ? ಹೋದ ವರ್ಷ ಡೆಂಗಿ ಬಂದಿದ್ದ ಮಕ್ಕಳ ಮಂಚ ಬಿಟ್ಟು ಉಳಿದವಕ್ಕೆ ಕಟ್ಟಿದರು. ನನ್ನ ಮಗಳದ್ದು ಬಿಟ್ಟ ಮಂಚ. ಇವತ್ತು ಇಲ್ಲಿ ಕೋಲಾಟ ಆಡಬೇಕಿದ್ದವಳು ಜ್ವರ ಬಂದು ಒಳಗೆ ಮಲಗಿದ್ದಾಳೆ. ಪಕ್ಕದ ಕೋಣೆಯಲ್ಲಿ ಡೆಂಗಿ ಇದೆ, ಇವಳ ರಕ್ತವನ್ನೂ ಪರೀಕ್ಷೆ ಮಾಡಿಸಿ ಎಂದು ಬೆಳಿಗ್ಗೆ ಬೇಡಿಕೊಂಡೆ. ಮೇಡಂ ಏನೆಂದರು?

‘ಹೋದ ವರ್ಷವೇ ಬಂದು ಹೋಯ್ತಲ್ರೀ ಕಂಠಪ್ಪ. ಒಂದ್ಸಲ ಬಂದೋರಿಗೆ ಮತ್ತೆ ಬರಲ್ಲ. ನಿಮ್ದೊಂದು ಯಾವಾಗ್ಲೂ ಗೋಳು. ಫಂಕ್ಷನ್ ಮುಗೀಲಿ.’

ಒಂದು ಸಲ ಬಂದವರಿಗೆ ಮತ್ತೆ ಬರಲ್ಲ. ಈ ಮಾತು ನನ್ನ ಓದನ್ನೇ ತಿಂದಿದೆ, ಸ್ವಾಮಿ. ನಾಲ್ಕನೇ ಕ್ಲಾಸಿನಲ್ಲಿ ನನಗೆ ಅಮ್ಮ ಬಂದಿತ್ತು, ಮೈತುಂಬ ನೀರುಗುಳ್ಳೆ. ಅಲ್ಲಿಂದ ಊರಿನಲ್ಲಿ ಯಾರ ಮನೆಗೆ ಅಮ್ಮ ಬಂದರೂ ದೊಡ್ಡಮ್ಮ ನನ್ನನ್ನು ಕರೆದೊಯ್ಯುತ್ತಿದ್ದರು. ‘ಇವ್ನಿಗೆ ಬಂದೋಗದೆ ಕಣವ್ವ, ಇನ್ನೇನೂ ಆಗಾಕಿಲ್ಲ ಬುಡು. ಇಸ್ಕೂಲು ನಾಳೀಕೂ ಇರ್ತದೆ.’ ಬೇವಿನ ಸೊಪ್ಪು ಬೀಸುವುದು, ಎಳನೀರು ಕುಡಿಸುವುದು ನನ್ನ ಪಾಲು. ಸಂಬಳ ಮೊಸರನ್ನ. ನಾಳೆ ನಾಳೆ ಎನ್ನುತ್ತ ಶಾಲೆ ತಪ್ಪಿಯೇ ಹೋಯಿತು. ನನಗೆ ಅಮ್ಮ ಮತ್ತೆ ಬರಲಿಲ್ಲ, ನಿಜ. ದೊಡ್ಡಮ್ಮನ ಮಾತು ಆ ರೋಗಕ್ಕೆ ಸರಿಯಾಗಿಯೇ ಇತ್ತು.

ಆದರೆ ಅದೇ ಮಾತನ್ನು ಎಲ್ಲ ರೋಗಕ್ಕೂ ಹೊದಿಸಬಹುದೇ? ನೆಗಡಿ ಒಂದೇ ಸಲ ಬರುತ್ತದೆಯೇ? ಕೊರೋನಾ ನನಗೇ ಎರಡು ಸಲ ಬಂತಲ್ಲ? ಹೋದ ವರ್ಷ ವನಿತಾಳನ್ನು ಆಸ್ಪತ್ರೆಯಿಂದ ಕಳಿಸುವಾಗ ಅಲ್ಲಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು. ‘ಡೆಂಗಿಯಲ್ಲಿ ನಾಲ್ಕು ಜಾತಿ ಅದಾವೆ ಕಣಪ್ಪ. ಈಗ ಬಂದಿದ್ದು ಹೆಚ್ಚುಕಮ್ಮಿ ಮತ್ತೆ ಬರಲ್ಲ. ಮಿಕ್ಕಿದ್ದನ್ನ ಮೈ ತಡಕೊಳ್ಳೋದು ಕೆಲವೇ ತಿಂಗಳು. ಎರಡನೇದು ಬಂದ್ರೆ ಮೊದಲಿಗಿಂತ ಜೋರಾಗಬೋದು, ಉಸಾರು.’ ಓದದವನು, ತಪ್ಪಾಗಿ ಕೇಳಿಸಿಕೊಂಡಿರಬಹುದು. ಹಾಗಾದರೆ ಓದಿದವರು ಯಾರನ್ನಾದರೂ ಕೇಳಿದರೇ? ಪರದೆ ಮೊದಲು ಕಟ್ಟಬೇಕಿದ್ದ ಮಕ್ಕಳನ್ನೇ ಬಯಲಲ್ಲಿ ಮಲಗಿಸಿದಂತೆ ಆಯಿತಲ್ಲ. ಕೇಳಿದ ನಾನು ಗೋಳಿನವನು.

ಡಾಕ್ಟರಮ್ಮ, ತಾವು ಜೀಪಿನಿಂದ ಇಳಿದಾಗಲೇ ಓಡಿ ಬಂದೆ. ಹಾರ ಹಾಕುವವರು ಬಿಡಲಿಲ್ಲ. ಅದಕ್ಕೇ ಮೈಕಿನಲ್ಲಿ ಕೇಳುತ್ತಿದ್ದೇನೆ, ಸಭೆ ಕೆಟ್ಟರೆ ಕೆಡಲಿ. ಮಗಳ ಜ್ವರ ಇಳಿದಿದೆ, ಗುಣವಾಯಿತು ಎನ್ನುತ್ತಾರೆ. ಇಳಿದ ಮೇಲೇ ಹೊಟ್ಟೆನೋವು ಎನ್ನುತ್ತಿದ್ದಾಳೆ. ಸುನಂದಮ್ಮ ಪಕ್ಕದಲ್ಲಿ ಕೂತಿದ್ದಾಳೆ.

ಕೇಳಿಸಿಕೊಂಡ ಎಲ್ಲರಿಗೂ ಋಣಿ, ಎಲ್ಲರಿಗೂ ನಮಸ್ಕಾರ. ಕೋಣೆ ಈ ವೇದಿಕೆಯ ಪರದೆಯ ಹಿಂದೆಯೇ ಇದೆ, ನಾನು ಮುಂದೆ ನಡೆಯುತ್ತೇನೆ, ತಾವು ಬನ್ನಿ. ಬೆಳಿಗ್ಗೆ ಹಲ್ಲುಜ್ಜುವಾಗ ಅವಳು ಉಗುಳಿದ್ದು ಕೆಂಪಗಿತ್ತು. ಪೇಸ್ಟಿನ ಬಣ್ಣ ಎಂದರು ಮೇಡಂ. ಅವಳ ಪೇಸ್ಟು ಬಿಳಿಯದು, ನಾನೇ ತಂದುಕೊಟ್ಟಿದ್ದು. ಅದೊಂದನ್ನು ದಯವಿಟ್ಟು ತಾವೇ ನೋಡಿ.