ಶುಂಠಿ ಬಿಸ್ಕತ್ತಿನ ಮೇಹೆಮ್

ಲಡ್ಲೊ ಪಟ್ಟಣದ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದ ಎನಿಡ್ ಎಂಬಾಕೆಗೆ ತನ್ನ ಹಲ್ಲುನೋವೇ ಮರೆತುಹೋಯಿತು. ಪಕ್ಕದಲ್ಲಿ ನಿವೃತ್ತ ಕೋರ್ಟು ಗುಮಾಸ್ತ ವಿಲ್ಫ್ರೆಡ್ ತನ್ನಕ್ಕ ಬೆರಿಲ್ ಮೇಲೆ ಹರಿಹಾಯುತ್ತಿದ್ದ.

“ನಿನ್ನ ಶುಂಠಿ ಬಿಸ್ಕತ್ತು ನನ್ನ ಮುಂದಿನ ಹಲ್ಲು ಮುರೀತು. ಇದು ಮೇಹೆಮ್, ಅಕ್ಕ!”

“ಮೇಹೆಮ್ ಅಂದ್ರೆ ಗಲಾಟೆ ಕಣೋ. ಅದನ್ನ ಮಾಡ್ತಿರೋನು ನೀನು.”

“ಅದು ಈಗಿನ ಅರ್ಥ. ಹಳೇ ಕಾನೂನಲ್ಲಿ, ಕಾದಾಡೋಕಾಗದ ಹಾಗೆ ಒಬ್ಬನ ಅಂಗ ಊನ ಮಾಡೋದು. ರಾಜನಿಗೆ ಒಬ್ಬ ಸೈನಿಕ ಕಡಿಮೆ!”

“ಹಲ್ಲಿಗೂ ಯುದ್ಧಕ್ಕೂ ಏನೋ ಸಂಬಂಧ?”

“ಮುಂದಿನ ಹಲ್ಲಿದ್ರೆ ಕಚ್ಚಬಹುದಲ್ಲ! ಮೂಗು ಕೊಯ್ದಿದ್ರೆ ಮೇಹೆಮ್ ಆಗ್ತಿರಲಿಲ್ಲ, ಮೂಗಿಂದ ಯಾರೂ ಕಾದಾಡಲ್ಲವಲ್ಲ.”

“ಚಹಾದಲ್ಲಿ ಅದ್ದಿ ತಿನ್ನು ಅಂತ ಬಡ್ಕೊಂಡೆ.”

“ಚಹಾಕ್ಕೆ ಬಂದಿದ್ದ ಪಾದ್ರಿಗಳ ಎದುರಿಗೆ ಅದ್ದೋದಾ? ಮಾನ ಹೋಗ್ತಿತ್ತು!”

“ಈಗ ಹಲ್ಲು ಹೋಯ್ತು.”

ಒಳಗಿಂದ ಕರೆ ಬಂತು. ವಿಲ್ಫ್ರೆಡ್ ಅಕ್ಕನ ತೋಳು ಗಟ್ಟಿಯಾಗಿ ಹಿಡಿದುಕೊಂಡ.

“ನೀನೂ ಬಾ ಅಕ್ಕ. ಸೂಜಿ ಚುಚ್ತಾರಂತೆ.”

“ನಡಿಯಪ್ಪಾ, ರಾಜನ ಸೈನಿಕ,” ಅಂತ ಅವಳು ಎಳೆದುಕೊಂಡು ಹೋದಳು.