ಹೊಸ ಆರ್ಗನ್ನಿನಲ್ಲಿ ಕೇಳಿಸದ ಸ್ವರ

ಹಲೋ... ಯಾರು ಮಾತಾಡ್ತಿರೋದು?

...ಓ, ಫಾದರ್! ಒಂದ್ನಿಮಿಷ, ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡ್ತಿದ್ದೆ, ಆಫ್ ಮಾಡ್ತೀನಿ... ಹಾಂ, ಹೇಳಿ. ಭಾನುವಾರ ಹೊಸ ಆರ್ಗನ್ನಿನ ಸಂಗೀತ ಕಚೇರಿ, ಅದರ ವಿಷಯ ತಾನೇ?

...ಮರೆಯೋದುಂಟಾ! ಹದಿನಾರು ವರ್ಷದ ಹಿಂದೆ ನೀವೇ ಮಾತು ಕೊಟ್ಟಿದ್ದು, "ಹೊಸ ಆರ್ಗನ್ ಬರಲಿ, ಮೊದಲು ನುಡಿಸೋಳು ನೀನೇ" ಅಂತ. ಅವತ್ತಿಂದ ಚರ್ಚಿನಲ್ಲಿ ಮದುವೆಗೂ ನಾನೇ, ಮಣ್ಣಿಗೂ ನಾನೇ. ಹೊರಗೆ ಕೀಬೋರ್ಡ್ ನುಡಿಸಿ ಹೆಸರೂ ಬಂತು ಅನ್ನಿ. ಪೋಸ್ಟರಿನಲ್ಲಿ, ಎಲ್ಲರಿಗಿಂತ ಕೆಳಗೆ.

...ಏನು? ಹೊಸದರಲ್ಲಿ ಒಂದು ಸ್ವರವೇ ಬರ್ತಿಲ್ವಾ?

...ನಿನ್ನೆ ನಾನು ನುಡಿಸಿ ನೋಡಿದಾಗ? ಹಾಡೋರೆಲ್ಲ ಕೇಳಿಸಿಕೊಂಡ್ರಾ, ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ?

...ಅಯ್ಯೋ, ಮೆಕ್ಯಾನಿಕ್ ಬೆಳಗ್ಗೆಯಿಂದ ಆರ್ಗನ್ನಿನ ಒಂದೊಂದೇ ಕೊಳವೆ ಇಳಿಸಿ ನೋಡಿದ್ರಾ? ಎಲ್ಲಾ ಸರಿ ಇದೆಯಂತಾ?... ವಾಪಸ್ ಕಳಿಸ್ತೀರಾ? ಬೇಡ ಬೇಡ, ತಡೀರಿ.

...ಯಾವ ಕೀ ಅದು? ನಟ್ಟನಡುವೆ, ಎರಡು ಕಪ್ಪು ಕೀಗಳ ಮಧ್ಯದ ಬಿಳಿಯದ್ದು... ಹೂಂ. ಗೊತ್ತಾಯ್ತು.

...ಆರ್ಗನ್ನಿಗೆ ಏನೂ ಆಗಿಲ್ಲ, ಫಾದರ್. ಆಗಿರೋದು ನನಗೆ. ಹಳೇದರಲ್ಲಿ ಆ ಕೀ ಒತ್ತಿದ್ರೆ ಮೇಲೇಳ್ತಿರಲಿಲ್ಲ. ಪ್ರಾರ್ಥನೆ ಮುಗಿಯೋವರೆಗೂ ಗೂಳಿ ಹಾಗೆ ಗುಟುರು ಹಾಕ್ತಿತ್ತು, ನೆನಪಿದೆಯಾ? ಅದಕ್ಕೇ ಹದಿನಾರು ವರ್ಷ ಅದನ್ನ ಹಾರಿಸಿಕೊಂಡೇ ನುಡಿಸಿದೆ. ರಿಪೇರಿ ಮಾಡಿಸಿ ಅಂದ್ರೆ, "ಹೊಸದು ಬರುತ್ತಲ್ಲಮ್ಮಾ" ಅಂತಿದ್ರಿ. ಬಂತು. ಬೆರಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

...ಕೀಬೋರ್ಡಿನಲ್ಲಾ? ಅಲ್ಲಿ ಹಾರಲ್ಲ. ಚರ್ಚಿನ ಬೆಂಚಿನ ಮೇಲೆ ಕೂತ್ರೆ ಸಾಕು, ಕೈ ತಾನಾಗೇ ಹಾರುತ್ತೆ.

...ನಾಲ್ಕು ದಿನ ಇದೆಯಲ್ಲ, ಅಭ್ಯಾಸ ಮಾಡ್ತೀನಿ... ಹಾಂ?... ಓ. ನನ್ನ ಬದಲು ಹೊರಗಿನ ದೊಡ್ಡ ಕಲಾವಿದರನ್ನ ಕರೆಸ್ತೀರಾ. ಭಾನುವಾರ ಆರಕ್ಕೆ. ಸರಿ, ಸರಿ... ತಪ್ಪೆಲ್ಲ ಮೆಕ್ಯಾನಿಕ್ ತಲೆಗೆ ಕಟ್ಟಿ ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು, ಅಲ್ವಾ?

...ಹೌದೌದು, ಸತ್ಯಕ್ಕೆ ಫಲ ಇದ್ದೇ ಇದೆ. ನೀವೇ ಹೇಳಿದ ಮೇಲೆ ಇನ್ನೇನು. ಆದ್ರೆ ನಿಮ್ಮ ಮಾತು?

...ನಾನು ಐದೂವರೆಗೇ ನುಡಿಸಬೇಕಾ? ಜನ ಬಂದು ಕುರ್ಚಿ ಹುಡುಕಿಕೊಳ್ಳೋವಾಗ?... ಮೆಲ್ಲಗೆ... ಆ ಕೀ ಬಾರದ ಯಾವುದಾದ್ರೂ ಹಾಡು... ಫಾದರ್? ಹಲೋ?... ಹಲೋ?

...ಕಟ್ ಆಯ್ತು. ಏನಿಲ್ಲ ಮಗಳೇ, ಫಾದರ್. ಕೊಟ್ಟ ಮಾತು ಉಳಿಸಿಕೊಂಡ್ರು. ಮೊದಲು ನುಡಿಸೋಳು ನಾನೇ.