ತಮ್ಮ ಪಾಠವನ್ನು ತಾವೇ ನೋಡಿದ ಶೇಕ್ಷಾವಲಿ ಸರ್

ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಹಬ್ಬಿರುವ ಅಜ್ಞಾನದ ಕತ್ತಲೆಯನ್ನು ಬರೀ ಚಾಕ್‌ಪೀಸಿನಿಂದ ಹೊಡೆದೋಡಿಸುತ್ತಿರುವ ಸಕಲ ಗುರುವೃಂದವೇ, ಈ ಶಾಲೆಯೆಂಬ ಸಾಮ್ರಾಜ್ಯದ ಸಿಂಹಾಸನಾಧೀಶ್ವರರಾದ ಹೆಡ್‌ಮಾಸ್ತರ್ ಕರಿಬಸಯ್ಯನವರೇ, ಮಸ್ಕಿಯ ಹಿರಿಯರೇ — ಲಾಲ್‌ಬೀ ಅಮ್ಮಾ, ತಮಗೂ ನಮಸ್ಕಾರ.

ಕ್ಷಮಿಸಬೇಕು. ನಾಚಿಕೆಯಾದಾಗ ನನ್ನ ಮಾತು ಹೀಗೆ ದೊಡ್ಡದಾಗುತ್ತದೆ. ತಮ್ಮ ಯಜಮಾನರು, ನಮ್ಮ ಶೇಕ್ಷಾವಲಿ ಸರ್, ಹೋದ ವಾರ ತೀರಿಕೊಂಡರು. ನಾಳೆಯಿಂದ ಅವರ ಏಳನೇ ಕ್ಲಾಸು ನನಗೆ. ಆ ಮಕ್ಕಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ನಾನು ಯಾರೆಂದು ನಿಮಗೆ ಗೊತ್ತು — ಅಣಕ ಮಾಡುವ ಪಂಪಣ್ಣ. ತೊಂಬತ್ತೊಂದನೇ ಇಸವಿಯಲ್ಲಿ ಒಂದು ದಿನ ಸ್ಟಾಫ್ ರೂಮಿನಲ್ಲಿ ಸರ್ ಪಾಠ ಮಾಡುವುದನ್ನು ಆಡಿ ತೋರಿಸುತ್ತಿದ್ದೆ. ಟವೆಲ್ಲನ್ನು ಒದ್ದೆ ಬಟ್ಟೆಯೆಂಬಂತೆ ಹೀಗೆ ಹೆಗಲಿಗೆ ಒಗೆದು — "ಒದ್ದಿ ಅರಿವ್ಯಾಗಿನ ನೀರು ಎಲ್ಲಿಗೆ ಹೋತು? ಗಾಳ್ಯಾಗ ಹೋತು! ಯಾಕ ಹೋತು? ಬಿಸಲಿಗೆ ಆವಿ ಆತು!" ಆ ದಿನ ನಕ್ಕವರು ಇಲ್ಲೇ ಇದ್ದಾರೆ, ತಲೆ ತಗ್ಗಿಸಿ ಕುಳಿತಿದ್ದಾರೆ. ಒಮ್ಮೆಲೇ ನಗು ನಿಂತಿತು. ತಿರುಗಿ ನೋಡಿದರೆ — ಬಾಗಿಲಲ್ಲಿ ಸರ್.

"ನಿಲ್ಲಿಸಬ್ಯಾಡೋ ಪಂಪಣ್ಣ. ಮತ್ತೊಮ್ಮಿ ಮಾಡು."

"ತಪ್ಪಾತ್ರಿ ಸರ..."

"ಲೇ, ಮಾಡಂದ್ರ ಮಾಡೋ. ನನ್ನ ಪಾಠ ನಾ ಯಾವತ್ತರ ನೋಡೀನೇನು?"

ಮಾಡಿದೆ. ಬೆವರುತ್ತ ಮಾಡಿದೆ. ಅವರು ಹುಡುಗರಂತೆ ಕೈಕಟ್ಟಿ ಕುಳಿತು ನೋಡಿದರು. ಕೊನೆಗೆ — "ಕೇಳಾವನೂ ನಾನ, ಹೇಳಾವನೂ ನಾನ! ಮತ್ತ ಹುಡುಗ್ರು ಎದಕ ಬರತಾವು?"

ಮರುದಿನದ ಪಾಠ ಟಿಪ್ಪಣಿಯಲ್ಲಿ ಪ್ರತಿ ಪ್ರಶ್ನೆಯ ಕೆಳಗೂ ಬರೆದುಕೊಂಡರು: 'ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರುವುದು.' ಅದೇ ಕ್ಲಾಸು, ಅದೇ ಪಾಠ. ನಾನು ಕಿಟಕಿಯ ಹೊರಗೆ ನಿಂತಿದ್ದೆ. ಸರ್ ಪ್ರಶ್ನೆ ಕೇಳಿದರು. ಸುಮ್ಮನೆ ನಿಂತರು. ಇನ್ನೂ ಸುಮ್ಮನೆ ನಿಂತರು — ಆಮೇಲೆ ಹಿಂದಿನ ಸಾಲಿನ ಆದಮ್ಮ, ಹಾಜರಿ ಕೂಗಿದರೂ ಬಾಯಿ ಬಿಡದ ಹುಡುಗಿ, ಎದ್ದಳು: "ಸರ, ಸಿಂಧನೂರು ಗದ್ದ್ಯಾಗಿನ ನೀರೂ ಮ್ಯಾಲ ಹೋಗತೈತ್ರಿ? ಮತ್ತ ನಮ್ಮ ಹೊಲಕ ಮಳಿ ಆಗಿ ಯಾಕ ಬೀಳವಲ್ದು?"

ಸರ್ ಸ್ಟಾಫ್ ರೂಮಿಗೆ ಗೆದ್ದವರಂತೆ ಬಂದರು. "ನನಗ ಉತ್ತರ ಹೊಳೀಲಿಲ್ಲಪಾ! ನಾಳಿ ಪಾಠ ಆಕಿ ಕೇಳಿದ್ದರಿಂದನ ಸುರು." ಹಾಗೆಯೇ ನನ್ನತ್ತ ತಿರುಗಿ, "ಇನ್ನ ನಿನ್ನ ಕ್ಲಾಸಿಗೆ ನಾ ಬಂದು ಕುಂಡ್ರಲೇನು? ಅಣಕ ಮಾಡಂಗಿಲ್ಲ, ನೋಡತೀನಿ ಅಷ್ಟ."

"ಸೋಮವಾರ ಬರ್ರಿ ಸರ," ಎಂದೆ. ಬಂದರು — ಹುಡುಗರನ್ನು ಕಬಡ್ಡಿಗೆ ಬಿಟ್ಟಿದ್ದೆ. ಮತ್ತೊಮ್ಮೆ ಬಂದರು — ಗಿಡಗಳಿಗೆ ನೀರು ಹಾಕಿಸುತ್ತಿದ್ದೆ. ನಕ್ಕು ಹೋದರು. ಯಾರಾದರೂ ಬಂದು ಕುಳಿತರೆ, ನನ್ನ ಪಾಠದಲ್ಲಿ ಪಾಠವೇ ಇಲ್ಲವೆಂದು ತಿಳಿದುಹೋಗುತ್ತಿತ್ತಲ್ಲ, ಅದಕ್ಕೆ. ಊರವರನ್ನೆಲ್ಲ ಆಡಿ ತೋರಿಸಿದವನು ತನ್ನನ್ನು ಮಾತ್ರ ಬಚ್ಚಿಟ್ಟ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿರಿ. ಸರ್ ಹೆಸರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ.

ಅದಕ್ಕೂ ಮೊದಲು — ಹೇಳಿಬಿಡುತ್ತೇನೆ. ಈ ಭಾಷಣವನ್ನು ಕನ್ನಡಿಯ ಮುಂದೆ ನಿಂತು ತಿದ್ದಿ ತಿದ್ದಿ ಸಿದ್ಧ ಮಾಡಿಕೊಂಡೆ. ನಾಳೆ ಬೆಳಿಗ್ಗೆಯ ಪಾಠವನ್ನು ಇನ್ನೂ ತೆರೆದು ನೋಡಿಲ್ಲ.